ಎರಡು ಆಂಪ್ಲಿಫೈಯರು, ಒಂದು ಬೊಟ್ಟು ಗಂಧ

ಆಂಪ್ಲಿಫೈಯರ್ ಸುಟ್ಟಿರಲಿಲ್ಲ. ನನ್ನ ಮಗ ಹಚ್ಚಬಾರದ ಜಾಗಕ್ಕೆ ಗಂಧ ಹಚ್ಚಿದ. ಮೊಮ್ಮಗಳು ಅದನ್ನು ಕಂಡೂ ಒರೆಸದೆ ಮೇಲೆ ನಟ್ಟು ಬಿಗಿದಳು. ನಡೆದದ್ದು ಇಷ್ಟೇ. ಯಾರದೋ ದೃಷ್ಟಿ ತಾಗಿತು ಎಂದು ಮಗ ಇಂದಿಗೂ ಹೇಳುತ್ತಾನೆ. ಹೇಳಲಿ.

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಉಡುಪಿ ಹೋಟೆಲು ಇದೆ, ಮಗ ನಡೆಸುತ್ತಾನೆ. ಅವನ ಮಗಳು ಕಾರಿಗೆ ಹಾಡಿನ ಸಾಮಾನು ಕೂರಿಸುವ ಕೆಲಸವನ್ನು ಕಳವಾ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಯಲ್ಲಿ ಕಲಿತು, ಈಗ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲೇ ಸ್ವಂತ ಮಾಡುತ್ತಾಳೆ. ಅಪ್ಪನಿಗೆ ಅದು ಹಿಡಿಸದು. ಹೋಟೆಲಿನ ಗಲ್ಲದಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತು ದುಡ್ಡು ತೆಗೆದುಕೊಳ್ಳುತ್ತಿದ್ದವನು ಊರಿಗೆ ಹೋಗಿ ವಾಪಸು ಬಂದಿರಲಿಲ್ಲ.

"ಬೇಲಾಪುರದ ಗಿರಾಕಿಯ ಈ ಗಾಡಿ ಸರಿಯಾಗಿ ಹೋದ್ರೆ ನಿನ್ನ ದಾರಿ ನಿನಗೆ. ಕಂಪ್ಲೇಂಟ್ ಬಂತೋ, ಸೀದಾ ಬಂದು ಗಲ್ಲದಲ್ಲಿ ಕೂತ್ಕೊಳ್ಳೋದು," ಎಂದು ಮಗಳಿಗೆ ಹೇಳಿಬಿಟ್ಟ.

ಅದು ಅವಳ ಮೊದಲ ದೊಡ್ಡ ಕೆಲಸ. ಒಂದೇ ಕಾರಿಗೆ ಎರಡು ಆಂಪ್ಲಿಫೈಯರು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಕಣ್ಣೆದುರು ಸಾಮಾನು ಬಿಚ್ಚಿಟ್ಟಿದ್ದರೆ ಕೇಳದೆ ಇರಲಾರೆ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹತ್ತಿರ ಕೂತೆ.

"ಎರಡು ಯಾಕೆ ಮಾರಾಯ್ತಿ? ಒಂದು ಸಾಲದಾ?"

"ಒಂದು ಬಾಗಿಲಿನ ಸ್ಪೀಕರಿಗೆ ಅಜ್ಜಿ, ಹಾಡೋರ ದನಿಗೆ. ಇನ್ನೊಂದು ಡಿಕ್ಕಿಯಲ್ಲಿರೋ ಬೇಸ್ ಸ್ಪೀಕರಿಗೆ, ಧಡ್ ಧಡ್ ಅನ್ನೋದಕ್ಕೆ. ಬೇಸ್ ಬಹುತ್ ಕರೆಂಟ್ ಖಾತಾ ಹೈ, ತುಂಬಾ ತಿನ್ತದೆ."

ಮುಂದಿನ ಬ್ಯಾಟರಿಯಿಂದ ದಪ್ಪ ಕೆಂಪು ವೈರು ಹೊರಟು, ಅಲ್ಲೇ ಒಂದು ಫ್ಯೂಸು ದಾಟಿ, ಕಾರಿನ ಚಾಪೆಯಡಿಯಿಂದ ಡಿಕ್ಕಿಗೆ ಬರುತ್ತದೆ. ಅಲ್ಲಿ ಪುಟ್ಟ ಡಬ್ಬಿಯೊಳಗೆ ಎರಡು ಕವಲಾಗುತ್ತದೆ. ಬಿಲ್ಡಿಂಗಿನ ಟಾಂಕಿಯ ನೀರು ಎರಡು ಮನೆಗೆ ಒಡೆಯುವ ಹಾಗೆ. ಅಷ್ಟು ತಿಳಿಯಿತು. ತಲೆಗೆ ಹತ್ತದೆ ಇದ್ದದ್ದು ಕಪ್ಪು ವೈರು. ಅದನ್ನು ಕಾರಿನ ತಗಡಿಗೇ ಬಿಗಿಯುತ್ತಿದ್ದಳು.

"ಇದು ಅರ್ತಿಂಗ್," ಎಂದಳು.

"ಸುಳ್ಳು ಹೇಳ್ಬೇಡ. ಗಾಡಿ ನಿಂತದ್ದು ರಬ್ಬರಿನ ಮೇಲೆ. ನೆಲ ಎಲ್ಲಿ ಮುಟ್ತದೆ?"

ಅವಳು ನಕ್ಕ ರಭಸಕ್ಕೆ ಸ್ಪ್ಯಾನರು ಕೈಜಾರಿತು. "ನೆಲ ಅಲ್ಲ ಅಜ್ಜಿ, ಗಾಡಿಯ ಬಾಡಿಯೇ ಅರ್ತ್. ಬ್ಯಾಟರಿಯ ಇನ್ನೊಂದು ತುದಿ ಬಾಡಿಗೆ ಕಟ್ಟಿರ್ತಾರೆ. ಕರೆಂಟು ಕೆಂಪಲ್ಲಿ ಬಂದು ತಗಡಲ್ಲಿ ವಾಪಸ್ ಹೋಗ್ತದೆ."

ಹಾಗಾದರೆ ಇಡೀ ಕಾರೇ ಒಂದು ವೈರು. ಇಷ್ಟು ವರ್ಷ ಟ್ಯಾಕ್ಸಿಯಲ್ಲಿ ನಾನು ವೈರಿನ ಹೊಟ್ಟೆಯೊಳಗೆ ಕೂತು ಓಡಾಡಿದ್ದೇನೆ. ತಗಡನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಬಣ್ಣ ಕೆರೆದು ಹೊಳಪು ಬರುವ ತನಕ ತಿಕ್ಕಿದರೆ ಮಾತ್ರ ಕರೆಂಟು ದಾಟುತ್ತದಂತೆ. ಡಿಕ್ಕಿಯಲ್ಲಿ ಎರಡು ಕಡೆ ತಿಕ್ಕಿದಳು. ದನಿಯ ಆಂಪ್ಲಿಫೈಯರಿನ ಕಪ್ಪು ವೈರು ಬಿಗಿಯುವಷ್ಟರಲ್ಲಿ ಸಂಜೆಯಾಯಿತು. ಬೇಸಿನದು ಉಳಿಯಿತು. ಮರುದಿನ ಆಯುಧಪೂಜೆ, ಸ್ಪ್ಯಾನರು ಮುಟ್ಟುವ ಹಾಗಿಲ್ಲ.

ಪೂಜೆಯ ವಿಷಯದಲ್ಲಿ ನನ್ನ ಮಗ ಕಟ್ಟುನಿಟ್ಟು. ಹೋಟೆಲಿನ ಗ್ರೈಂಡರು, ತಕ್ಕಡಿ, ದೋಸೆಯ ಕಾವಲಿ ಎಲ್ಲಕ್ಕೂ ಗಂಧ ಕುಂಕುಮ ಇಟ್ಟು ಮನೆಗೆ ಬಂದವನು ಮಗಳ ಸಾಮಾನಿಗೂ ಇಟ್ಟ. ಕೆಲಸ ಹಿಡಿಸದಿದ್ದರೂ ಕಬ್ಬಿಣದಲ್ಲಿ ಭೇದ ಮಾಡಲಿಲ್ಲ. ಕಾರಿನ ಚಕ್ರ, ಬಾನೆಟ್ಟು ಮುಗಿಸಿ ಡಿಕ್ಕಿ ಎತ್ತಿದ. ಹೊಳೆಯುವ ತಗಡು ಕಂಡಿತು. ಸಾಣೆಕಲ್ಲಿನಲ್ಲಿ ತೇಯ್ದ ಗಂಧವನ್ನು ಅಲ್ಲಿಗೂ ಧಾರಾಳವಾಗಿ ಮೆತ್ತಿದ.

ದಶಮಿಯ ದಿನ ಹುಡುಗಿ ಉಳಿದ ವೈರು ಬಿಗಿದು ಎಂಜಿನ್ ಚಾಲೂ ಮಾಡಿದಳು. ಹಾಡಿನ ಜೊತೆ ಕುಂಯ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದೂ ಏರುತ್ತದೆ. ಬೇಸು ಸ್ವಲ್ಪ ಬಡಿದು ಸುಮ್ಮನಾಗುತ್ತದೆ. ಹಾಡು ತರುವ ವೈರು ಬದಲಿಸಿದಳು, ಫ್ಯೂಸು ನೋಡಿದಳು. "ಆಂಪ್ ಗಯಾ ಲಗ್ತಾ ಹೈ, ಸುಟ್ಟೇ ಹೋಗಿರ್ಬೇಕು," ಎಂದು ನೆಲದಲ್ಲೇ ಕೂತಳು.

ಹೋಟೆಲಿನಿಂದ ಬಂದ ಅಪ್ಪ ನಿಂತು ಕೇಳಿದ. "ಇದು ಹಾಡಾ? ಸೊಳ್ಳೆ ಸಾಕಿದ್ದೀಯಾ? ನಾಳೆ ಬೆಳಿಗ್ಗೆ ಗಾಡಿಯವರು ಬರ್ತಾರೆ. ನಾನು ಹೇಳಿದ್ದು ನೆನಪುಂಟಲ್ಲ?" ಎಂದು ಮೇಲೆ ಹೋದ.

ಸದ್ದು ಹುಟ್ಟುವುದು ಎಲ್ಲಿ ಎಂದು ನೋಡಬೇಕೆನಿಸಿ ನಾನು ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಜೋರು ಮಾಡು ಎಂದೆ. ಕಿವಿಗೆ ಏನೂ ಸಿಗಲಿಲ್ಲ.

"ಊದುಬತ್ತಿ ಹಚ್ಚಿದ್ದೀಯಾ?"

"ಗಾಡಿಯಲ್ಲಿ ಊದುಬತ್ತಿ ಯಾರು ಹಚ್ತಾರೆ ಅಜ್ಜಿ!"

"ಮತ್ತೆ ಗಂಧ ಬಿಸಿಯಾದ ವಾಸನೆ ಎಲ್ಲಿಂದ?"

ಅವಳು ಡಿಕ್ಕಿಗೆ ಓಡಿದಳು. ನಟ್ಟು ಮುಟ್ಟಿದವಳೇ ಕೈ ಹಿಂದೆಳೆದಳು, ಅಷ್ಟು ಬಿಸಿ. ಬಿಚ್ಚಿದರೆ ಅಡಿಯಲ್ಲಿ ಕಂದು ಹಕ್ಕಳೆ.

"ನಿನಗೆ ಇದು ಕಂಡಿತ್ತಾ?"

"ಕಂಡಿತ್ತು."

"ಒರೆಸ್ಲಿಕ್ಕೆ ಎಂತ ರೋಗ?"

"ಪೂಜೆಯ ಗಂಧ ಒರೆಸಿದ್ರೆ ಪಪ್ಪ ಛೋಡ್ತೇ ಕ್ಯಾ, ಬಿಡ್ತಾರಾ? ಒಂದು ಬೊಟ್ಟಲ್ವಾ, ಏನಾಗ್ತದೆ ಅಂದ್ಕೊಂಡೆ."

ಕರೆಂಟಿಗೆ ಅಲ್ಲಿ ವಾಪಸು ಹೋಗುವ ದಾರಿ ಸಾಲದೆ, ಹಾಡು ತರುವ ಸಣ್ಣ ವೈರಿಗೆ ನುಗ್ಗಿ ಪಕ್ಕದ ಆಂಪ್ಲಿಫೈಯರಿನ ಅರ್ತಿಂಗಿಗೆ ಹೋಗುತ್ತಿತ್ತಂತೆ. ಎಂಜಿನ್ನಿನ ಗಲಾಟೆಯೂ ಅದರ ಜೊತೆ ಹಾಡಿಗೆ ಸೇರಿತಂತೆ. ಎರಡೆರಡು ಸಲ ಹೇಳಿಸಿಕೊಂಡು ತಿಳಿದುಕೊಂಡೆ. ಅವಳು ತಗಡನ್ನು ಮತ್ತೆ ಉಜ್ಜಿ, ಈ ಸಲ ಎರಡು ಕಪ್ಪು ವೈರನ್ನೂ ಒಂದೇ ಜಾಗಕ್ಕೆ ಬಿಗಿದಳು. ಕುಂಯ್ ನಿಂತಿತು. ಬೇಸು ಬಡಿದದ್ದಕ್ಕೆ ನನ್ನ ಹಲ್ಲಿನ ಸೆಟ್ಟು ಅಲುಗಿತು.

ಮಗನನ್ನು ಕೆಳಗೆ ಕರೆಸಿ ಹಕ್ಕಳೆ ತೋರಿಸಿದೆ. "ಗಂಧದಿಂದ ಎಂತದೂ ಹಾಳಾಗುದಿಲ್ಲ," ಎಂದ. ಆಮೇಲೆ ಹಾಡು ಕೇಳಿದ.

"ಆಯ್ತು, ಗಾಡಿ ಸರಿಯಾಯ್ತು. ಆದ್ರೂ ಗಲ್ಲಕ್ಕೆ ಜನ ಬೇಕಲ್ಲ ಅಮ್ಮ? ಸ್ವಲ್ಪ ದಿನ ಇವಳು ಬರ್ಲಿ."

ಹುಡುಗಿ ನನ್ನ ಮುಖ ನೋಡಿದಳು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನನಗೆ ಗೊತ್ತು. ನಾನೂ ಈ ಊರಿಗೆ ಸ್ವಲ್ಪ ದಿನಕ್ಕೆಂದೇ ಬಂದವಳು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಕ ಒರೆಸಿಕೊಂಡು, ಮಗ ಹೋಟೆಲಿನ ಶಟರು ಎತ್ತುವಾಗಲೇ ಹೋಗಿ ಗಲ್ಲದಲ್ಲಿ ಕೂತೆ.

"ಅಮ್ಮ, ನಿನಗೆ ಇಲ್ಲಿ ಎಂತ ಕೆಲಸ?"

"ಜನ ಬೇಕು ಅಂದಿಯಲ್ಲ. ಚಿಲ್ಲರೆ ಎಲ್ಲಿಟ್ಟಿದ್ದಿ, ತೋರ್ಸು."