ಮಗು ಬಿಟ್ಟ ದೋಸೆ

ತೂಕ ಇಳಿಸುವ ಆಪರೇಷನ್‌ಗೆ ನಮ್ಮ ಮನೆ ಡಾಕ್ಟರ ಒಪ್ಪಿಗೆ ಬೇಕೆಂದರು ಆಸ್ಪತ್ರೆಯವರು. ನನಗೋ ಮಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದೂ ಆಗುತ್ತಿರಲಿಲ್ಲ. ಚಾಮರಾಜಪೇಟೆಯ ಡಾಕ್ಟರು ನನ್ನನ್ನು ಬಿಟ್ಟು ಜೊತೆಗಿದ್ದ ಅತ್ತೆಯನ್ನು ಕೇಳಿದರು: "ಏನಮ್ಮಾ, ಸೊಸೆ ಬಾಯಿ ಕಟ್ಟಿದಾಳಾ?"

"ಎಲ್ಲಿ ಡಾಕ್ಟ್ರೇ! ಮಗು ಬಿಟ್ಟ ದೋಸೆನೆಲ್ಲಾ ಇವಳೇ ತಿಂತಾಳೆ."

"ಬಿಸಾಕಿದ್ರೆ ಬೈಯೋರು ಯಾರು ಅಂತಲೂ ಕೇಳಿ ಡಾಕ್ಟ್ರೇ," ಎಂದೆ.

ಅತ್ತೆ ಗೋಡೆಯ ಕ್ಯಾಲೆಂಡರ್ ನೋಡಿದರು. ಡಾಕ್ಟರು ಕೊನೆಗೂ ನನ್ನ ಕಡೆ ತಿರುಗಿದರು. "ಆಪರೇಷನ್ ಆದ್ಮೇಲೆ ನಾಲ್ಕು ತುತ್ತು, ಅಷ್ಟೇ. ಜಾಸ್ತಿ ತಿಂದ್ರೆ ವಾಂತಿ. ಆಗತ್ತಾ?"

"ಆಗತ್ತೆ."

ಒಪ್ಪಿಗೆ ಬರೆದುಕೊಟ್ಟರು.

ಆಟೋದಲ್ಲಿ ಅತ್ತೆ ಬಹಳ ಹೊತ್ತು ಯೋಚಿಸಿ ಕೇಳಿದರು: "ಹಾಗಾದ್ರೆ ಮಗು ಬಿಟ್ಟಿದ್ದನ್ನ ಯಾರೇ ತಿನ್ನೋದು?"

"ನಿಮ್ಮ ಮಗ ಇದಾರಲ್ಲ."

ಆಪರೇಷನ್ ಅಪಾಯ ಅಂತ ಅತ್ತೆಗೆ ಮೊದಲ ಸಲ ಅನ್ನಿಸಿದ್ದು ಆಗಲೇ.