ಡ್ರಿಲ್ ಮಾಸ್ತರ ತೊಡೆಗಳು

ಮೂವತ್ತು ವರ್ಷ ಮಕ್ಕಳಿಂದ ಬಸ್ಕಿ ಹೊಡೆಸಿದ ಡ್ರಿಲ್ ಮಾಸ್ತರು ನಾನು. ಹೋದ ವರ್ಷ ಒಂದು ದಿನ ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ ಊಟ ಮುಗಿಸಿ ಏಳಲು ಹೋದರೆ ತೊಡೆಗಳು ಮಾತೇ ಕೇಳಲಿಲ್ಲ. ಬಾಯಿ ಬೇರೆ ಸದಾ ಒಣಗುತ್ತಿತ್ತು.

"ತೋರಿಸ್ಕೊಳ್ಳಿ ರೀ" ಎಂದಳು ಹೆಂಡತಿ. ರೇಗಿತು. ಆದರೂ ಹತ್ತಿರದ ಕ್ಲಿನಿಕ್ಕಿಗೆ ಒಬ್ಬನೇ ಹೋದೆ. ಸೋತ ಕಾಲು ಪರರಿಗೆ ತೋರಿಸುವ ಜಾಯಮಾನ ನನ್ನದಲ್ಲ. ಹೊರಗೆ ಕಿಟಕಿಯ ಸರಳು ಹಿಡಿದು ಬಸ್ಕಿ ಹೊಡೆದೆ. ಮೊದಲನೆಯದಕ್ಕೆ ಜೀವ ಹೋಯಿತು, ನಾಲ್ಕನೆಯದು ಸಲೀಸಾಯಿತು. ಅಷ್ಟರಲ್ಲಿ ಒಳಗೆ ಕರೆದರು.

"ಗಟ್ಟಿಯಾಗಿದ್ದೀರಲ್ಲ ಸಾರ್!" ಎಂದು ಡಾಕ್ಟರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಮೀಸೆ ತಿರುವುತ್ತಾ ಬಂದವನು ಮನೆಯ ಮೆಟ್ಟಿಲಲ್ಲೇ ಕುಸಿದು ಕೂತೆ.

ಮುಂದಿನ ಸಲ ಜೆ.ಪಿ. ನಗರದ ನರರೋಗದ ಡಾಕ್ಟರ ಬಳಿಗೆ ಹೆಂಡತಿಯೂ ಬಂದಳು. ಬಸ್ಕಿಗೆಂದು ಎದ್ದರೆ ಅಂಗಿ ಹಿಡಿದು ಎಳೆದಳು. "ಸುಮ್ನೆ ಕೂತ್ಕೊಳ್ರೀ. ಅವರು ನೋಡ್ಬೇಕಾಗಿರೋದು ಕಾಯಿಲೇನ, ನಿಮ್ಮ ಪೌರುಷಾನ?"

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮಂಡಿಗೆ ಸುತ್ತಿಗೆಯಿಂದ ಬಡಿದರೆ ಕಾಲು ಅಲುಗಲಿಲ್ಲ. ತನ್ನ ಅಂಗೈಗೆ ಕಾಲನ್ನು ಜೋರಾಗಿ ಒತ್ತಿ ಹಿಡಿಯಲು ಹೇಳಿ, ಹತ್ತು ಎಣಿಸಿ, ಮತ್ತೆ ಬಡಿದಳು. ಕಾಲು ಚಿಮ್ಮಿತು. ನಾನು ಬೀಗಿದೆ. ಅವಳು ಗಂಭೀರಳಾದಳು.

"ಅಂಕಲ್, ಸಿಗರೇಟ್ ಸೇದ್ತಿದ್ರಾ?"

"ಛೆ! ಇವರು ಡ್ರಿಲ್ ಮೇಷ್ಟ್ರು ಡಾಕ್ಟ್ರೇ" ಎಂದಳು ಹೆಂಡತಿ.

ಬಾಯಿ ಇನ್ನಷ್ಟು ಒಣಗಿತು. "ಸೇದ್ತಿದ್ದೆ. ದಿನಕ್ಕೆ ಹತ್ತು. ಸ್ಕೂಲ್ ಶೆಡ್ ಹಿಂದೆ" ಎಂದೆ. ಹೆಂಡತಿ ನನ್ನತ್ತ ತಿರುಗಲಿಲ್ಲ.

ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಡ್ಡೆ ಕಂಡಿತು. ಕ್ಯಾನ್ಸರ್. ಅದರ ಮೇಲೆ ಯುದ್ಧಕ್ಕಿಳಿದ ನನ್ನ ಮೈ, ನರವು ಸ್ನಾಯುವಿಗೆ ಅಪ್ಪಣೆ ಕೊಡುವ ಜಾಗಕ್ಕೂ ಹೊಡೆಯುತ್ತಿತ್ತಂತೆ. ಅದಕ್ಕೇ ಕಾಲು ಸೋಲುವುದು; ಬಸ್ಕಿ ಹೊಡೆದರೆ, ಜೋರಾಗಿ ಒತ್ತಿದರೆ ಸ್ವಲ್ಪ ಹೊತ್ತು ಬಲ ಬರುವುದೂ ಅದರ ಗುರುತೇ ಅಂತೆ. "ಕಾಲು ಸೋತಿದ್ದಕ್ಕೇ ಬೇಗ ಸಿಕ್ತು ಅಂಕಲ್" ಎಂದಳು ಡಾಕ್ಟರು. ಭಯವಾಯಿತು. ಆದರೆ ಸುಮ್ಮನೆ ಸಾಯುವ ಆಸಾಮಿ ನಾನಲ್ಲ, ಕೀಮೋಗೆ ಅಂದೇ ಒಪ್ಪಿದೆ.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಕಾಫಿ ಲೋಟ ಕುಕ್ಕಿದ ಸದ್ದಷ್ಟೇ. ಮೂರನೆಯ ದಿನ ಬೆಳಿಗ್ಗೆ ನನ್ನ ಕುರ್ಚಿಯ ಮುಂದೆ ಕೂತು, ಡಾಕ್ಟರಂತೆಯೇ ಅಂಗೈ ಚಾಚಿದಳು. "ಒತ್ತಿ. ಹತ್ತು ಎಣಿಸ್ತೀನಿ."

ಒತ್ತಿದರೆ ಬರುವ ಬಲ ಅರೆ ನಿಮಿಷ ನಿಲ್ಲುತ್ತದೆ. ಎದ್ದು ನಿಲ್ಲಲು ಅಷ್ಟು ಸಾಕು. ಈಗ ನಾಲ್ಕು ಕೀಮೋ ಮುಗಿದಿವೆ, ದಿನವೂ ಇದೇ ಡ್ರಿಲ್.

ನಿನ್ನೆ ನಾನೇ ಎಣಿಸಿಕೊಳ್ಳುತ್ತೇನೆಂದೆ. ಅವಳು ಕೈ ತೆಗೆಯಲಿಲ್ಲ.

"ನಿಮ್ಮ ಲೆಕ್ಕ ನಾನು ಇನ್ನು ನಂಬಲ್ಲ" ಎಂದಳು. "ಒತ್ತಿ. ಒಂದು."