ಹಿತ್ತಲಲ್ಲಿ ಬಚ್ಚಿಟ್ಟ ಫುಟ್‌ಬಾಲ್ ಟೀಮು

ಹೋದ ತಿಂಗಳು ಒಂದು ಭಾನುವಾರ ನಮ್ಮ ಹಿತ್ತಲಲ್ಲಿ ಇಡೀ ಫುಟ್‌ಬಾಲ್ ಟೀಮು ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿತ್ತು. ಮನೆಯ ಎದುರಿನ ಮೈದಾನದಲ್ಲಿ ಅದೇ ಹೊತ್ತಿಗೆ ಅದೇ ಟೀಮಿನ ಮ್ಯಾಚು ನಡೆದಿತ್ತು!

ಹೇಗೆ ಅಂತೀರಾ? ಹೇಳುತ್ತೇನೆ.

ನನ್ನ ಮಗ ಈರಣ್ಣ ಸವಣೂರಿನಲ್ಲಿ ನಮ್ಮ ಓಣಿಯ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. (ಬೀಜ-ಗೊಬ್ಬರದ ಅಂಗಡಿ ಅವನ ಹೊಟ್ಟೆಪಾಡು, ಕ್ಲಬ್ಬು ಅವನ ಹುಚ್ಚು.) ಈ ಕ್ಲಬ್ಬು ಗೆದ್ದದ್ದನ್ನು ನೋಡಿ ಬಹಳ ದಿನವಾಯಿತು. ಹಾನಗಲ್ಲಿಗೆ ಹೋದರೂ ಸೋಲು, ಶಿಗ್ಗಾವಿಯವರು ಇಲ್ಲಿಗೆ ಬಂದರೂ ಸೋಲು. ಹಳೆಯ ಕೋಚ್ ಮೊಣಕಾಲು ನೋವೆಂದು ಬಿಟ್ಟು ಹೋದ. (ಮೊಣಕಾಲಿಗೆ ಏನೂ ಆಗಿಲ್ಲ. ಸಂತೆಯಲ್ಲಿ ಅವನು ಓಡಾಡುವುದನ್ನು ನೋಡಿದ್ದೇನೆ.)

ಹೊಸ ಕೋಚ್ ಬೇಕಲ್ಲ? ಟಿವಿಯಲ್ಲಿ ಅವನನ್ನು ಮ್ಯಾನೇಜರ್ ಅನ್ನುತ್ತಾರಂತೆ. ಏನಂದರೂ ಅಷ್ಟೇ, ಸೋತಾಗ ಬೈಸಿಕೊಳ್ಳುವವನು. ಕೇಳಹೋದವರಲ್ಲಿ ಒಬ್ಬ ಫೋನೇ ಎತ್ತಲಿಲ್ಲ. ಇನ್ನೊಬ್ಬ ಬಂದು, ಮೈದಾನ ನೋಡಿ, ಚಹಾ ಕುಡಿದು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಕೋಚ್ ಸಿಗದಿದ್ದರೆ ಕ್ಲಬ್ ಬಂದ್ ಎಂದು ಕಮಿಟಿಯವರು ಹೇಳಿಯೇಬಿಟ್ಟರು. ಈರಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಉಳಿದವರು ಹಿರೇಕೆರೂರಿನ ಗೌಸ್ ಮಾಸ್ತರರು, ರಿಟೈರ್ ಆದ ಡ್ರಿಲ್ ಮಾಸ್ತರರು. "ಭಾನುವಾರ ಬಂದು ಟೀಮ್ ನೋಡ್ತೇನಿ" ಎಂದಿದ್ದರು.

ಯಾರೋ ನೋಡಲು ಬರುತ್ತಾರೆ ಎಂದರೆ ಸಾಕು, ನಮ್ಮ ಜನರ ತಲೆ ಕೆಡುತ್ತದೆ. ಕನ್ಯಾ ನೋಡಲು ಬಂದಾಗ ಏನು ಮಾಡುತ್ತೇವೆ? ಪಕ್ಕದ ಮನೆಯ ಸೋಫಾ ತಂದಿಡುತ್ತೇವೆ. ಕಾಕಿಯ ಬಂಗಾರ ಹುಡುಗಿಗೆ ಹಾಕುತ್ತೇವೆ. ಅತ್ತೆ ಕಟ್ಟಿದ ಉಂಡಿಯನ್ನು ಹುಡುಗಿಯೇ ಕಟ್ಟಿದ್ದಾಳೆ ಎನ್ನುತ್ತೇವೆ. ಈರಣ್ಣನೂ ಅದನ್ನೇ ಮಾಡಿದ. ಶಿಗ್ಗಾವಿಯಿಂದ ಚಲೋ ಆಡುವ ಹುಡುಗರನ್ನು ಕರೆಸಿ ನಮ್ಮ ಜರ್ಸಿ ತೊಡಿಸಿದ. ನಮ್ಮ ಹುಡುಗರನ್ನು ಚುರುಮುರಿ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಲು ನನ್ನ ಹಿತ್ತಲಿಗೆ ಅಟ್ಟಿದ!

"ಯವ್ವಾ, ಇವತ್ತೊಂದಿನ ಬಾಯಿ ಮುಚ್ಕೊಂಡಿರು."

"ನಿನ್ನ ಹಡದಾಗಿಂದ ಮುಚ್ಕೊಂಡ ಇದ್ದೇನಿ." (ಸುಳ್ಳು.)

ಎದುರಾಳಿಗಳು ಯಲವಿಗಿಯವರು. ಪಾಪ, ಅವರಿಗೆ ಈ ನಾಟಕ ಗೊತ್ತಿಲ್ಲ. ಚೆನ್ನಾಗಿ ಹೊಡೆಸಿಕೊಂಡರು. ಮಾಸ್ತರರು ಮ್ಯಾಚು ನೋಡಿದರು, ನಮ್ಮ ಪಡಸಾಲೆಯಲ್ಲಿ ಕುಳಿತು ಗಿರ್ಮಿಟ್ಟು ತಿಂದರು, ಕೈ ಒರೆಸಿಕೊಂಡು ಎದ್ದರು.

"ಈರಣ್ಣಾ, ಟೀಮ್ ಭಾಳ ಚಲೋ ಐತಿ. ಇದಕ್ಕ ನಾ ಯಾಕಪಾ? ಕಲತವ್ರಿಗೆ ಮತ್ತೇನ್ ಕಲಸ್ಲಿ? ಐದರ ಬಸ್ಸಿಗೆ ಹೋಗ್ತೇನಿ."

ಈರಣ್ಣನ ಮುಖ ನೋಡಬೇಕಿತ್ತು ನೀವು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮಾಸ್ತರರೇ ಹೋಗುತ್ತಾರೆ.

"ಮಾಸ್ತರ, ಚಪ್ಪಲಿ ಹಾಕ್ಕೋಬ್ಯಾಡ್ರಿ" ಎಂದೆ. "ನೀವು ನೋಡಿದ್ದು ಶಿಗ್ಗಾವಿ ಹುಡುಗ್ರನ್ನ. ನಮ್ಮ ಸೋತು ಸುಣ್ಣ ಆದವು ಹಿತ್ತಲದಾಗ ಅದಾವು, ಬರ್ರಿ."

"ಯವ್ವಾ!" ಎಂದ ಈರಣ್ಣ. ಅಷ್ಟರಲ್ಲಿ ಮಾಸ್ತರರು ನನ್ನ ಹಿಂದೆ ನಡೆದಿದ್ದರು.

ಹಿತ್ತಲಲ್ಲಿ ನಮ್ಮ ಗೋಲ್ ಕಾಯುವ ಮಂಜುನ ಕಣ್ಣಲ್ಲಿ ಧಾರಾಕಾರ ನೀರು.

"ಯಾಕೋ ಅಳಾಕತ್ತೀ?" ಎಂದರು ಮಾಸ್ತರರು.

"ಉಳ್ಳಾಗಡ್ಡಿರೀ ಸರ್."

"ಗೋಲ್ ಬಿಟ್ಟಾಗ?"

"ಆವಾಗ ಅಳೂದಿಲ್ರಿ. ರೂಢಿ ಆಗೇತಿ."

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹುಡುಗರು ಹೆಚ್ಚುವುದನ್ನು ನಿಂತು ನೋಡಿದರು. ನನ್ನ ಮನೆಯಲ್ಲಿ ಇರುವುದು ಎರಡೇ ಚಾಕು.

"ಚಾಕು ಹಿಡದವ ಬಿಡವಲ್ಲ, ಉಳಿದವ್ರು ಕೇಳವಲ್ಲರು. ಚೆಂಡೂ ಹಿಂಗ ಆಡ್ತೀರೇನ್ರೋ?"

"ಹೌದ್ರಿ" ಎಂದ ಮಂಜು, ಮೂಗು ಒರೆಸಿಕೊಳ್ಳುತ್ತ.

ಮಾಸ್ತರರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೇಬಿಟ್ಟರು. "ಇಷ್ಟು ಕೆಲಸ ಮನ್ಯಾಗ ಇಟ್ಕೊಂಡು ನನಗ ಬ್ಯಾರೆದ್ದು ತೋರಿಸಿದ್ಯಲ್ಲೋ ಈರಣ್ಣಾ! ಬುಧವಾರದಿಂದ ಬರ್ತೇನಿ."

ಐದರ ಬಸ್ಸು ಅವರನ್ನು ಬಿಟ್ಟು ಹೋಯಿತು.

ಸೋಲುವ ಕ್ಲಬ್ಬಿಗೆ ಯಾರು ಬರುತ್ತಾರೆ ಎಂದು ಈರಣ್ಣ ಹೆದರಿದ್ದ. ಹೆಸರು ಬೇಕಾದವನು ಬರುವುದಿಲ್ಲ, ಖರೆ. ಕೆಲಸ ಬೇಕಾದವನು ಬರುತ್ತಾನೆ. ಆದರೆ ಕೆಲಸ ಎಲ್ಲಿದೆ ಎಂದು ತೋರಿಸಬೇಕಲ್ಲ? ಕಟ್ಟಿ ಮುಗಿದ ಮನೆಗೆ ಗೌಂಡಿಯನ್ನು ಕರೆದರೆ ಅವನೇನು ಗೋಡೆ ಸವರಿಕೊಂಡು ಕೂಡಬೇಕೇ?

ಇನ್ನೇನು ಕ್ಲಬ್ಬು ಗೆದ್ದುಬಿಟ್ಟಿತು ಎಂದುಕೊಳ್ಳಬೇಡಿ. ಈ ವಾರ ಹಾನಗಲ್ಲಿನಲ್ಲಿ ಮತ್ತೆ ಸೋತು ಬಂದರು. ಆದರೆ ಮರುದಿನವೇ ಮೈದಾನದಲ್ಲಿ ಮಾಸ್ತರರ ಸೀಟಿ ಕೇಳಿಸಿತು.

ಈರಣ್ಣ ಬುದ್ಧಿ ಕಲಿತನೇ? ಬರುವ ಭಾನುವಾರ ಅವನ ಮಗಳನ್ನು ನೋಡಲು ವರನ ಕಡೆಯವರು ಬರುತ್ತಾರೆ. ನಿನ್ನೆ ಪಕ್ಕದ ಮನೆಗೆ ಹೋಗಿ ಸೋಫಾ ಕೇಳಿ ಬಂದಿದ್ದಾನೆ.

ನೀವೇ ಹೇಳಿ, ಈ ಸಲ ಬಾಯಿ ಮುಚ್ಚಿಕೊಂಡಿರಲೇ?